ಸೊಂಟದಲ್ಲೊಂದು ಡಬ್ಬಿ, ಹೆತ್ತವರಿಗೆ ನಿದ್ದೆ

ನಡುರಾತ್ರಿ ಎರಡು ಗಂಟೆಗೆ ಅಲಾರಾಂ ಇಟ್ಟುಕೊಂಡು ಎದ್ದು, ಮಲಗಿರುವ ಮಗುವಿನ ಬೆರಳು ಚುಚ್ಚಿ ಸಕ್ಕರೆ ನೋಡುವ ತಾಯಂದಿರಿದ್ದಾರೆ. ನಿದ್ದೆಯಲ್ಲೇ ಸಕ್ಕರೆ ಇಳಿದುಹೋದರೆ ಮಗು ಬೆಳಿಗ್ಗೆ ಏಳುತ್ತದೋ ಇಲ್ಲವೋ ಎಂಬ ಭಯ.

ಸಕ್ಕರೆ ಕಾಯಿಲೆ ಎಂದರೆ ಹೊಟ್ಟೆ ಬಂದ ಸಾಹುಕಾರರಿಗೆ ಬರುವುದು ಎಂದೇ ಜನ ತಿಳಿದಿದ್ದಾರೆ. ಟೈಪ್ ಒಂದು ಎಂಬ ಇದರ ಜಾತಿಯೇ ಬೇರೆ. ಮಗುವಿನ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುತ್ತದೆ. ಮಿಠಾಯಿ ತಿಂದದ್ದಕ್ಕೆ ಬಂದದ್ದಲ್ಲ, ಅಜ್ಜಿ ಮುದ್ದು ಮಾಡಿದ್ದಕ್ಕೂ ಅಲ್ಲ. 1922ರಲ್ಲಿ ಕೆನಡಾದ ಟೊರೊಂಟೋದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಬದುಕಿ ಉಳಿಯುತ್ತಿರಲಿಲ್ಲ. ಉಳಿದವರಿಗೆ ದಿನಕ್ಕೆ ಮೂರು-ನಾಲ್ಕು ಸೂಜಿ, ಜೀವ ಇರೋವರೆಗೆ.

ಈಗ ಸೊಂಟಕ್ಕೆ ಸಿಕ್ಕಿಸುವ ಪುಟ್ಟ ಪಂಪು ಬಂದಿದೆ. ಚರ್ಮಕ್ಕೆ ಅಂಟಿಸಿದ ಸೆನ್ಸಾರ್ ಕೆಲವು ನಿಮಿಷಕ್ಕೊಮ್ಮೆ ಸಕ್ಕರೆ ಅಳೆದು ಹೇಳುತ್ತದೆ, ಪಂಪು ತಾನೇ ಲೆಕ್ಕ ಹಾಕಿ ಇನ್ಸುಲಿನ್ ಬಿಡುತ್ತದೆ. ಸಕ್ಕರೆ ಇಳಿಯುತ್ತಿದ್ದರೆ ಕೈ ತಡೆಯುತ್ತದೆ. ಇಂಥ ಮೊದಲ ಯಂತ್ರಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಮಗು ಗೆಳೆಯರ ಜತೆ ಆಡುತ್ತದೆ, ಮದುವೆ ಮನೆಯಲ್ಲಿ ಹೋಳಿಗೆ ತಿನ್ನುತ್ತದೆ, ಹೆತ್ತವರು ಬೆಳತನಕ ಮಲಗುತ್ತಾರೆ. ಹಾಗಂತ ಮಾಯಾಜಾಲವೇನಲ್ಲ. ಊಟಕ್ಕೆ ಮೊದಲು ಎಷ್ಟು ಅನ್ನ, ಎಷ್ಟು ಮುದ್ದೆ ಎಂದು ಯಂತ್ರಕ್ಕೆ ಹೇಳಲೇಬೇಕು. ನಳಿಕೆ ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ಅಪಾಯ.

ದುಡ್ಡಿನ ಮಾತು? ಪಂಪಿಗೆ ಲಕ್ಷಗಟ್ಟಲೆ, ಮೇಲೆ ತಿಂಗಳು ತಿಂಗಳು ಸೆನ್ಸಾರು, ನಳಿಕೆ. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್‌ನಿಂದ ಸರ್ಕಾರಿ ಆರೋಗ್ಯ ಸೇವೆಯೇ ಇದನ್ನು ಹಂತಹಂತವಾಗಿ ಕೊಡಲು ಶುರುಮಾಡಿತು. ಇಲ್ಲಿ ಕಿರಾಣಿ ಅಂಗಡಿಯವನು ಅಂಗಡಿ ಮಾರಿಯೇ ತರಬೇಕು. ಸರ್ಕಾರ ಪಂಪು ಕೊಡುವ ದಿನ ದೂರವಿರಬಹುದು. ಇನ್ಸುಲಿನ್, ಪರೀಕ್ಷೆ ಪಟ್ಟಿ ತಾಲ್ಲೂಕು ಆಸ್ಪತ್ರೆಯಲ್ಲಿ ತಪ್ಪದೆ ಸಿಗುವಂತೆ ಮಾಡಲು ಏನು ಧಾಡಿ?

ಇನ್ನು ಶಾಲೆಯ ವಿಷಯಕ್ಕೆ ಕಾಸೂ ಬೇಡ. ಕ್ಲಾಸಿನಲ್ಲಿ ಸಕ್ಕರೆ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ತಿಂಡಿ ತಿನ್ನಲು ಮಕ್ಕಳಿಗೆ ಬಿಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ 2023ರಲ್ಲೇ ರಾಜ್ಯಗಳಿಗೆ ಬರೆಯಿತು. ಉತ್ತರಪ್ರದೇಶ ಅದೇ ವರ್ಷ ಆದೇಶವನ್ನೂ ಹೊರಡಿಸಿತು. ಸಿಬಿಎಸ್‌ಇ ಪರೀಕ್ಷೆಗೆ ತಿಂಡಿ ಒಯ್ಯಲು 2017ರಿಂದಲೇ ಅವಕಾಶವಿದೆ. ಪಂಪು ಬೀಪ್ ಎಂದರೆ ಮೊಬೈಲು ಎಂದು ಕಿತ್ತಿಟ್ಟುಕೊಂಡರೆ ಮಗುವಿನ ಗತಿಯೇನು ಎಂಬುದು ಎಷ್ಟು ಮೇಷ್ಟ್ರುಗಳಿಗೆ ಗೊತ್ತು? ಬಿಇಒ ಸಾಹೇಬರು ಶಾಲೆ ಶಾಲೆಗೆ ಒಂದು ಸುತ್ತೋಲೆ ಕಳಿಸಲಿ.

ಬಸ್ಸಿನಲ್ಲಿ, ಅಂಗಡಿ ಮುಂದೆ ಇಂಥ ಮಗು ಬೆವೆತು, ನಡುಗಿ, ತೊದಲಿದರೆ ಸುತ್ತ ನಿಂತು ನೋಡುವುದಲ್ಲ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಿರಿ.