ಹತ್ತನೆಯ ಸರದಿಯ ಉತ್ತರಾರ್ಧ

ಈ ವರ್ಷದ ಅಂತರಶಾಲಾ ಕಬಡ್ಡಿ ಪಂದ್ಯದಲ್ಲಿ ನಮ್ಮ ಶಾಲೆಯ ತಂಡವು ಒಂದೇ ಒಂದು ಅಂಕದಿಂದ ಸೋತುದು ನಿಮಗೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಹಿಂದಿರುಗುವಾಗ ಲೋಕಲ್ ಗಾಡಿಯಲ್ಲಿ ನಮ್ಮ ಹುಡುಗರು ಆಡಿಕೊಳ್ಳುತ್ತಿದ್ದ ಮಾತುಗಳನ್ನು ನಾವು ಕಿಟಕಿಯ ಬಳಿ ಕುಳಿತು ಕೇಳುತ್ತಿದ್ದೆವು. ಒಬ್ಬನು ತೀರ್ಪುಗಾರರನ್ನು ದೂರಿದನು. ಮತ್ತೊಬ್ಬನು ಎದುರಾಳಿಗಳು ಬೂಟಿನ ದಾರ ಕಟ್ಟುವ ನೆಪದಲ್ಲಿ ಹೊತ್ತು ಕಳೆದರೆಂದನು. ಮೂರನೆಯವನು, ಸೀಟಿಯನ್ನು ಇನ್ನರ್ಧ ನಿಮಿಷ ತಡೆದು ಊದಿದ್ದರೆ ಗೆಲುವು ನಮ್ಮದೇ ಆಗುತ್ತಿತ್ತೆಂದನು. ಯಾರೊಬ್ಬನೂ ತನ್ನ ಹೆಸರನ್ನು ಮಾತ್ರ ಹೇಳಲಿಲ್ಲ. ನಾವೂ ಸುಮ್ಮನಿದ್ದೆವು, ಸೋತ ಸಂಜೆಯಲ್ಲಿ ಉಪದೇಶವು ಯಾರಿಗೂ ರುಚಿಸದಷ್ಟೆ. ಅಂದು ಆಡದೆ ಉಳಿಸಿಕೊಂಡ ಮಾತನ್ನು ಇಂದು, ದೂರದ ಜಪಾನಿನಲ್ಲಿ ನಡೆದ ಒಂದು ಪಂದ್ಯದ ನೆವದಿಂದ, ನಿಮ್ಮ ಮುಂದಿಡಬೇಕೆಂದಿದ್ದೇವೆ.

ಬೇಸ್‌ಬಾಲ್ ಆಟವು ನಮ್ಮ ಓಣಿಗಳಿಗೆ ಇನ್ನೂ ಅಪರಿಚಿತವೇ. ಆದರೆ ಜಪಾನಿನ ಮಕ್ಕಳಿಗೆ ಅದು ನಿಮಗೆ ಕ್ರಿಕೆಟ್ಟು ಇದ್ದಂತೆ. ತಂಡಕ್ಕೆ ಒಂಬತ್ತು ಜನರು. ಆಟಕ್ಕೆ ಒಂಬತ್ತು ಸರದಿಗಳು. ಪ್ರತಿಯೊಂದು ಸರದಿಗೂ ಪೂರ್ವಾರ್ಧ, ಉತ್ತರಾರ್ಧ ಎಂದು ಎರಡು ಭಾಗಗಳು. ಪೂರ್ವಾರ್ಧದಲ್ಲಿ ಹೊರಗಿನಿಂದ ಬಂದ ತಂಡವು ದಾಂಡು ಹಿಡಿಯುತ್ತದೆ; ಉತ್ತರಾರ್ಧದಲ್ಲಿ ಆ ಮೈದಾನದ ಒಡೆಯರಾದವರು ಹಿಡಿಯುತ್ತಾರೆ. ಮೂವರು ಔಟಾದರೆ ಒಂದು ಅರ್ಧ ಮುಗಿಯಿತು. ಸಹಜವಾಗಿ ಈ ಆಟಕ್ಕೆ ಗಡಿಯಾರದ ಹಂಗಿಲ್ಲ. ಆದರೆ ನಾವು ಹೇಳಹೊರಟಿರುವ ಕಾಲದಲ್ಲಿ ಜಪಾನಿನ ಪೆಸಿಫಿಕ್ ಲೀಗ್ ಒಂದು ನಿಯಮವನ್ನು ಇಟ್ಟುಕೊಂಡಿತ್ತು: ಪಂದ್ಯವು ನಾಲ್ಕು ಗಂಟೆಯನ್ನು ಮೀರಿದ ಮೇಲೆ ಹೊಸ ಸರದಿಯನ್ನು ಆರಂಭಿಸುವಂತಿಲ್ಲ, ಆಗಿರುವ ಸರದಿಯನ್ನು ಮುಗಿಸಿ, ಓಟಗಳು ಸಮವಾಗಿದ್ದರೆ ಪಂದ್ಯವನ್ನು ಸಮವೆಂದೇ ಸಾರತಕ್ಕದ್ದು.

ಅದು ೧೯೮೮ನೆಯ ಇಸವಿ. ನಾವಾಗ ಇನ್ನೂ ಹುಟ್ಟಿರಲಿಲ್ಲ. ಒಸಾಕಾ ಸೀಮೆಯ ಒಂದು ರೈಲ್ವೆ ಕಂಪನಿಗೆ ಸೇರಿದ ಕಿಂಟೆಟ್ಸು ಬಫಲೋಸ್ ಎಂಬ ತಂಡವು ಹಿಂದಿನ ವರ್ಷ ಲೀಗಿನಲ್ಲಿ ಕಟ್ಟಕಡೆಯ ಸ್ಥಾನದಲ್ಲಿ ನಿಂತಿತ್ತು. ಆ ವರ್ಷ ಓಗಿ ಅಕಿರಾ ಎಂಬವರು ಅದರ ಹೊಸ ನಾಯಕ-ಶಿಕ್ಷಕರಾಗಿ ಬಂದರು. ಕಡೆಯವರು ಮೊದಲಿಗರ ಹೆಗಲೆಣೆಗೆ ಬಂದರು. ಆಗಿನ ಬಲಿಷ್ಠ ತಂಡವಾದ ಸೈಬು ಲಯನ್ಸ್ ತನ್ನ ಪಂದ್ಯಗಳನ್ನೆಲ್ಲ ಮುಗಿಸಿ ಕಾದು ಕುಳಿತಿತ್ತು. ಕಿಂಟೆಟ್ಸು ತಂಡಕ್ಕೆ ಮಾತ್ರ ಎರಡು ಪಂದ್ಯಗಳು ಉಳಿದಿದ್ದವು. ಎರಡೂ ಅಕ್ಟೋಬರ್ ೧೯ರಂದು, ಒಂದೇ ದಿನ, ಕವಾಸಾಕಿ ನಗರದ ಮೈದಾನದಲ್ಲಿ, ಲೊತ್ತೆ ಓರಿಯನ್ಸ್ ತಂಡದೊಡನೆ. ಎರಡನ್ನೂ ಗೆದ್ದರೆ ಕಿರೀಟ. ಒಂದು ಸಮವಾದರೂ ಇಲ್ಲ. ಲೊತ್ತೆಯಾದರೋ ಆ ವರ್ಷ ಕಡೆಯ ಸ್ಥಾನದಲ್ಲಿದ್ದ ತಂಡ. ಗೆದ್ದರೂ ಅಷ್ಟೆ, ಸೋತರೂ ಅಷ್ಟೆ. ಪ್ರೇಕ್ಷಕರಿಲ್ಲದೆ ಬಿಕೋ ಎನ್ನುವುದಕ್ಕೇ ಹೆಸರಾಗಿದ್ದ ಆ ಮೈದಾನವು ಅಂದು ತುಂಬಿ ತುಳುಕಿತು.

ಮೊದಲ ಪಂದ್ಯವು ಮಧ್ಯಾಹ್ನ ಮೂರು ಗಂಟೆಗೆ ಆರಂಭವಾಯಿತು. ಒಂದೇ ದಿನ ಎರಡು ಪಂದ್ಯಗಳಿದ್ದರೆ ಮೊದಲನೆಯದಕ್ಕೆ ಹೆಚ್ಚಿನ ಸರದಿಗಳಿಲ್ಲ, ಒಂಬತ್ತರಲ್ಲೇ ತೀರ್ಮಾನವಾಗಬೇಕು. ಒಂಬತ್ತನೆಯ ಸರದಿಯಲ್ಲಿ ಓಟಗಳು ೩–೩. ಕಿಂಟೆಟ್ಸು ತಂಡದ ಇಬ್ಬರು ಔಟಾಗಿದ್ದರು. ಆಗ ದಾಂಡು ಹಿಡಿದು ಬಂದವರು ನಶಿದಾ ಮಸತಾಕ. ಆ ವರ್ಷದೊಡನೆ ಆಟದಿಂದ ನಿವೃತ್ತರಾಗಲು ನಿಶ್ಚಯಿಸಿದ್ದ ಹಿರಿಯ ಆಟಗಾರ. ಅವರ ಒಂದು ಹೊಡೆತದಿಂದ ನಾಲ್ಕನೆಯ ಓಟ ಬಂದಿತು. ೪–೩ರಿಂದ ಮೊದಲ ಪಂದ್ಯ ಕೈಸೇರಿತು.

ಎರಡನೆಯ ಪಂದ್ಯವು ಸಂಜೆ ಆರು ಗಂಟೆ ನಲವತ್ತನಾಲ್ಕು ನಿಮಿಷಕ್ಕೆ ಆರಂಭವಾಯಿತು. ಎಂಟನೆಯ ಸರದಿಯಲ್ಲಿ ಬ್ರಯಾಂಟ್ ಎಂಬ ಅಮೆರಿಕದ ದಾಂಡಿಗನ ಹೋಮ್ ರನ್ನಿನಿಂದ ಕಿಂಟೆಟ್ಸು ೪–೩ರಲ್ಲಿ ಮುಂದಾಯಿತು. ಗೆಲುವು ಇನ್ನೇನು ಕೈಗೆಟುಕುವಂತಿತ್ತು. ಅದೇ ಸರದಿಯ ಉತ್ತರಾರ್ಧದಲ್ಲಿ ಲೊತ್ತೆಯ ತಕಜಾವ ಹಿದೆಅಕಿ ಚೆಂಡನ್ನು ಬೇಲಿಯಾಚೆಗೆ ಹೊಡೆದು ಮತ್ತೆ ಸಮಮಾಡಿದರು. ಚೆಂಡೆಸೆದಿದ್ದವರು ಕಿಂಟೆಟ್ಸುವಿನ ಅತ್ಯುತ್ತಮ ಎಸೆತಗಾರರಾದ ಅವಾನೊ ಹಿದೆಯುಕಿ. ಅದೇ ದಿನ ಮೊದಲ ಪಂದ್ಯದ ಕೊನೆಯಲ್ಲೂ ಎಸೆದು ದಣಿದಿದ್ದವರು.

ಒಂಬತ್ತನೆಯ ಸರದಿಯ ಉತ್ತರಾರ್ಧದಲ್ಲಿ ಲೊತ್ತೆಯ ಓಟಗಾರನೊಬ್ಬನು ಎರಡನೆಯ ಬೇಸಿನಲ್ಲಿ ಔಟೆಂದು ತೀರ್ಪಾಯಿತು. ತಮ್ಮವನನ್ನು ತಳ್ಳಿ ಬೇಸು ಬಿಡಿಸಿದರೆಂದು ಲೊತ್ತೆಯ ನಾಯಕ-ಶಿಕ್ಷಕರಾದ ಅರಿತೊ ಮಿಚಿಯೊ ಮೈದಾನಕ್ಕಿಳಿದು ವಾದಿಸಿದರು. ವಾದಕ್ಕೆ ಒಂಬತ್ತು ನಿಮಿಷಗಳು ಸಂದವು. ಗಡಿಯಾರ ಮಾತ್ರ ಯಾರ ವಾದಕ್ಕೂ ನಿಲ್ಲಲಿಲ್ಲ. ಹತ್ತನೆಯ ಸರದಿಯ ಪೂರ್ವಾರ್ಧದಲ್ಲಿ ಕಿಂಟೆಟ್ಸುವಿಗೆ ಓಟ ಬರಲಿಲ್ಲ. ಉತ್ತರಾರ್ಧದಲ್ಲಿ ಲೊತ್ತೆಯ ಮೂವರು ಔಟಾಗುವ ಮೊದಲೇ ನಾಲ್ಕು ಗಂಟೆ ತುಂಬಿತು. ಹನ್ನೊಂದನೆಯ ಸರದಿ ಇನ್ನಿಲ್ಲ. ಗೆಲ್ಲುವ ದಾರಿ ಮುಚ್ಚಿತು. ಆದರೆ ಆಟ ಮುಗಿದಿರಲಿಲ್ಲ. ಉಳಿದ ಔಟುಗಳನ್ನು ಪಡೆಯಲೇಬೇಕಿತ್ತು. ರಾತ್ರಿ ಹತ್ತು ಗಂಟೆ ಐವತ್ತಾರು ನಿಮಿಷಕ್ಕೆ ಪಂದ್ಯವು ೪–೪ರಲ್ಲಿ ಸಮವಾಗಿ ಮುಗಿಯಿತು. ದೂರದರ್ಶನದಲ್ಲಿ ದೇಶವೆಲ್ಲ ನೋಡುತ್ತಿತ್ತು. ಸುದ್ದಿಯ ಹೊತ್ತು ಬಂದರೂ ಪಂದ್ಯದ ಪ್ರಸಾರವನ್ನು ನಿಲ್ಲಿಸಿರಲಿಲ್ಲ.

ಈಗ ಲೆಕ್ಕವನ್ನು ನೋಡೋಣ. ಸೈಬು ೭೩ ಗೆಲುವು, ೫೧ ಸೋಲು, ೬ ಸಮ. ಕಿಂಟೆಟ್ಸು ೭೪ ಗೆಲುವು, ೫೨ ಸೋಲು, ೪ ಸಮ. ಸಮವಾದ ಪಂದ್ಯಗಳನ್ನು ಬಿಟ್ಟು, ಗೆಲುವನ್ನು ಗೆಲುವು-ಸೋಲುಗಳ ಮೊತ್ತದಿಂದ ಭಾಗಿಸುವುದು ಅಲ್ಲಿಯ ರೀತಿ. ಏಳನೆಯ ತರಗತಿಯವರೂ ಭಾಗಿಸಿ ನೋಡಬಹುದು: ಸೈಬುವಿಗೆ ೦.೫೮೯, ಕಿಂಟೆಟ್ಸುವಿಗೆ ೦.೫೮೭. ಒಂದು ಗೆಲುವು ಹೆಚ್ಚಾಗಿದ್ದವರಿಗೆ ಕಿರೀಟ ತಪ್ಪಿತು.

ಇದು ಅನ್ಯಾಯವಲ್ಲವೆ ಎಂದು ನೀವು ಕೇಳುವಿರಿ. ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಗಡಿಯಾರವಿಲ್ಲದ ಆಟಕ್ಕೆ ಗಡಿಯಾರವನ್ನು ಕಟ್ಟಿದ ಆ ನಿಯಮವು ಒಳ್ಳೆಯ ನಿಯಮವೆಂದು ನಮಗೆ ತೋರುವುದಿಲ್ಲ. ಒಂಬತ್ತು ನಿಮಿಷದ ವಾದವೂ ದೀರ್ಘವೇ ಆಯಿತು. ಆದರೆ ನಿಯಮವು ಚೆನ್ನಾಗಿಲ್ಲವೆಂಬುದು ಬೇರೆ, ನಿಯಮದಿಂದ ತಮಗೆ ಮೋಸವಾಯಿತೆಂಬುದು ಬೇರೆ. ಆ ನಿಯಮವು ವರ್ಷಾರಂಭದಿಂದಲೂ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಒಂದೇ ಆಗಿತ್ತು. ಮರುವರ್ಷದ ಕಥೆಯನ್ನು ಕೇಳಿರಿ. ೧೯೮೯ರಲ್ಲಿ ಕಿಂಟೆಟ್ಸು ೭೧ ಪಂದ್ಯಗಳನ್ನು ಗೆದ್ದು ೫೪ರಲ್ಲಿ ಸೋತಿತು. ಓರಿಕ್ಸ್ ತಂಡವು ೭೨ ಗೆದ್ದು ೫೫ರಲ್ಲಿ ಸೋತಿತು. ಭಾಗಿಸಿ ನೋಡಿದರೆ ೦.೫೬೮ ಮತ್ತು ೦.೫೬೭. ಈ ಬಾರಿ ಒಂದು ಗೆಲುವು ಕಡಿಮೆಯಿದ್ದ ಕಿಂಟೆಟ್ಸುವಿಗೇ ಕಿರೀಟ! ಹಿಂದಿನ ವರ್ಷ ಕಸಿದುಕೊಂಡ ಲೆಕ್ಕವೇ ಈ ವರ್ಷ ಕೊಟ್ಟಿತು. ನಮಗೆ ಲಾಭವಾದಾಗ ಒಪ್ಪುವ ಲೆಕ್ಕವನ್ನು ನಷ್ಟವಾದಾಗ ಬೈಯುವುದು ಯುಕ್ತವಲ್ಲ.

ಲೊತ್ತೆಯವರನ್ನು ದೂರುವುದಂತೂ ನಮಗೆ ಸ್ವಲ್ಪವೂ ಸಮ್ಮತವಿಲ್ಲ. ಕಡೆಯ ಸ್ಥಾನದ ತಂಡವು ಸುಮ್ಮನೆ ಸೋತುಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ತಮಗೆ ಏನೂ ದೊರೆಯದ ಪಂದ್ಯದಲ್ಲಿ ಪ್ರಾಣವೊಡ್ಡಿ ಆಡಿದರು. ಎದುರಾಳಿಯನ್ನು ಗೌರವಿಸುವ ರೀತಿ ಅದೇ. ದಾನವಾಗಿ ಬಂದ ಕಿರೀಟವನ್ನು ಕಿಂಟೆಟ್ಸುವಿನ ಆಟಗಾರರು ತಾನೆ ತಲೆಯೆತ್ತಿ ಧರಿಸುತ್ತಿದ್ದರೆ?

ಇನ್ನೊಂದು ಮಾತು. ಆ ಸಮಪಂದ್ಯದ ಬದಲು ಕಿಂಟೆಟ್ಸು ಗೆದ್ದಿದ್ದರೆ ೭೫ ಗೆಲುವು, ೫೨ ಸೋಲು; ೦.೫೯೧, ಕಿರೀಟ. ನಿಜ. ಆದರೆ ವರ್ಷದ ಐವತ್ತೆರಡು ಸೋಲುಗಳಲ್ಲಿ ಯಾವುದಾದರೊಂದು ಗೆಲುವಾಗಿದ್ದರೂ ಅದೇ ಕಿರೀಟ ಬರುತ್ತಿತ್ತು. ಯಾರೂ ನೋಡದಿದ್ದ ವಸಂತದ ಒಂದು ಮಧ್ಯಾಹ್ನ ಕೈಜಾರಿದ ಚೆಂಡಿಗೂ ಆ ರಾತ್ರಿಯ ಹೊಡೆತದಷ್ಟೇ ತೂಕವಿತ್ತು. ಪರೀಕ್ಷೆಯ ಕೊನೆಯ ಗಂಟೆ ಬಾರಿಸಿದಾಗ ಗಂಟೆಯನ್ನು ಬೈಯುವ ವಿದ್ಯಾರ್ಥಿಯು ಜೂನ್ ತಿಂಗಳನ್ನೂ ಒಮ್ಮೆ ನೆನೆಯಬೇಕು. ನಮ್ಮ ಕಬಡ್ಡಿಯ ಆ ಒಂದು ಅಂಕವೂ ಕೊನೆಯ ಅರ್ಧ ನಿಮಿಷದಲ್ಲಿ ಹೋದುದಲ್ಲ. ಮಳೆಯೆಂದು ಅಭ್ಯಾಸ ತಪ್ಪಿಸಿದ ಬೆಳಗುಗಳಲ್ಲಿ ಹೋದುದು. ಆ ಬೆಳಗುಗಳಲ್ಲಿ ನಿಮ್ಮನ್ನು ಮನೆಗೆ ಕಳುಹಿಸಿದವರು ನಾವೇ. ಆದುದರಿಂದ ಈ ಲೆಕ್ಕದಲ್ಲಿ ನಮ್ಮ ಹೆಸರೂ ಸೇರಿದೆ.

ಇಷ್ಟೆಲ್ಲ ಹೇಳಿಯೂ, ಆ ಪಂದ್ಯದಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ಲೆಕ್ಕವಲ್ಲ. ಹತ್ತನೆಯ ಸರದಿಯ ಉತ್ತರಾರ್ಧ. ಗೆಲ್ಲಲಾರೆವೆಂದು ತಿಳಿದ ಮೇಲೂ ಒಂಬತ್ತು ಜನರು ತಮ್ಮ ತಮ್ಮ ಸ್ಥಾನದಲ್ಲಿ ನಿಂತರು. ಚೆಂಡನ್ನು ಎಸೆದರು, ಹಿಡಿದರು, ಎದುರಾಳಿಗೆ ಒಂದು ಓಟವನ್ನೂ ಬಿಟ್ಟುಕೊಡಲಿಲ್ಲ. ಬಳಿಕ ಸಾಲಾಗಿ ನಿಂತು, ತಮಗಾಗಿ ಬಂದಿದ್ದ ಜನರಿಗೆ ತಲೆಬಾಗಿ ವಂದಿಸಿದರು. ಕಿಂಟೆಟ್ಸು ತಂಡವು ಇಂದು ಇಲ್ಲ; ೨೦೦೪ರ ಬಳಿಕ ಅದು ಓರಿಕ್ಸ್ ತಂಡದೊಡನೆ ಒಂದಾಗಿ ಹೋಯಿತು. ಅದರ ಕಟ್ಟಕಡೆಯ ಕಿರೀಟವು ೨೦೦೧ರದು. ಆಗ ತಂಡವನ್ನು ನಡೆಸುತ್ತಿದ್ದವರು ಮೊದಲ ಪಂದ್ಯದಲ್ಲಿ ಆ ಹೊಡೆತ ಹೊಡೆದ ನಶಿದಾ ಅವರೇ. ಹೀಗಿದ್ದರೂ ಜಪಾನಿನವರು ‘ಹತ್ತು-ಹತ್ತೊಂಬತ್ತು’ ಎಂದರೆ ಸಾಕು, ಅಕ್ಟೋಬರಿನ ಆ ರಾತ್ರಿಯನ್ನು ಇಂದಿಗೂ ನೆನೆಯುತ್ತಾರೆ. ಆ ವರ್ಷ ಗೆದ್ದ ಸೈಬುವಿನ ಕಥೆಗಿಂತ ಸೋತವರ ಕಥೆಯೇ ಹೆಚ್ಚು ಉಳಿಯಿತು.

ಮಕ್ಕಳೆ, ಈ ಮಾತನ್ನು ನಿಮಗೆ ಹೇಳಲು ನಮಗೊಂದು ಕಾರಣವಿದೆ. ನಾವೂ ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ, ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದವರು. ನಾವು ಇಲ್ಲಿಗೆ ಸೇರಿದ ವರ್ಷ ಎರಡು ವಿಭಾಗಗಳಿದ್ದ ತರಗತಿಯಲ್ಲಿ ಈಗ ಮೂರು ಬೆಂಚುಗಳು ತುಂಬಿದರೆ ಹೆಚ್ಚು. ‘ನಿಮ್ಮ ಆಟ ಮುಗಿಯಿತಲ್ಲ, ಇನ್ನೇಕೆ ಆ ಶಾಲೆ?’ ಎಂದು ನೆರೆಯವರು ಕೇಳುತ್ತಾರೆಂದು ನಿಮ್ಮಲ್ಲಿ ಕೆಲವರು ನಮ್ಮೊಡನೆ ಹೇಳಿದ್ದುಂಟು. ಆ ಪ್ರಶ್ನೆಗೆ ನಮ್ಮಲ್ಲಿ ಗೆಲುವಿನ ಉತ್ತರವಿಲ್ಲ; ಇದೆಯೆಂದು ನಿಮ್ಮ ಮುಂದೆ ಸುಳ್ಳಾಡಲಾರೆವು. ಆದರೆ ಮೂರು ಬೆಂಚುಗಳಿಗೂ ಪಾಠವು ಪೂರ್ತಿಯಾಗಿಯೇ ನಡೆಯತಕ್ಕದ್ದು. ಕಾಗುಣಿತದ ತಪ್ಪನ್ನು ತಿದ್ದತಕ್ಕದ್ದು. ಉತ್ತರಪತ್ರಿಕೆಯ ಕೊನೆಯ ಪುಟವನ್ನೂ ಓದತಕ್ಕದ್ದು. ಇದು ನಮ್ಮ ಪಾಲಿನ ಕೆಲಸ. ನಿಮ್ಮ ಪಾಲಿನದೂ ನಿಮಗೆ ತಿಳಿದಿದೆ.

ಬರುವ ವರ್ಷದ ಕಬಡ್ಡಿಯ ಅಭ್ಯಾಸವು ಜೂನ್ ಮೊದಲ ವಾರದಿಂದಲೇ, ಬೆಳಿಗ್ಗೆ ಆರೂವರೆಗೆ. ಮಳೆ ಬಂದರೂ ನಾವು ಅಂಗಳದಲ್ಲಿರುತ್ತೇವೆ.