ಶಕ್ತಿಗೊಂದು ಕೊಳವೆ, ಸಂಜ್ಞೆಗೊಂದು ಕೊಳವೆ

ಪಾವಗಡದ ಬಯಲಿನಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಮಹಾಸ್ಥಾವರವಾಗಿ ಹರಡಿರುವ ಸೌರಫಲಕಗಳು, 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನದಿಂದ ಸಾಮಾನ್ಯ ಗೃಹಸ್ಥನ ಮಾಳಿಗೆಯನ್ನೂ ಏರುತ್ತಿರುವುದು ನಮ್ಮ ಕಾಲದ ಶುಭಲಕ್ಷಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಫಲಕವನ್ನು ಆರಿಸುವಾಗ ತೋರುವ ಶ್ರದ್ಧೆಯನ್ನು ತಂತಿಯೆಳೆಯುವಾಗ ತೋರದೆ, ಇನ್ವರ್ಟರಿಗೆ ಇಳಿಯುವ ಡಿ.ಸಿ. ಕೇಬಲನ್ನೂ, ಬಿಸಿಲಿನ ತೀವ್ರತೆಯನ್ನೋ ಫಲಕದ ಉಷ್ಣತೆಯನ್ನೋ ತಿಳಿಸುವ ಸೆನ್ಸರಿನ ಸೂಕ್ಷ್ಮ ತಂತಿಯನ್ನೂ ಒಂದೇ ಪೈಪಿನಲ್ಲಿ ತುರುಕುವ ಅಭ್ಯಾಸವು ಉಳಿತಾಯದ ಹೆಸರಿನಲ್ಲಿ ನಡೆಯುತ್ತಿರುವ ಅವಿವೇಕವಾಗಿದೆ.

ಸಾಲಾಗಿ ಪೋಣಿಸಿದ ಫಲಕಗಳ ವೋಲ್ಟೇಜು ಮನೆಗಳಲ್ಲಿಯೇ ಹಲವು ನೂರನ್ನು ಮುಟ್ಟುವುದುಂಟು. ದೊಡ್ಡ ಸ್ಥಾವರಗಳಲ್ಲಿ ಅದು 1000ದಿಂದ 1500ರವರೆಗೆ ಏರುತ್ತದೆ. ಬಿಸಿಲನ್ನಳೆಯುವ ಪೈರಾನೋಮೀಟರಾದರೋ, ನಡುಹಗಲಿನ ಪ್ರಖರತೆಯಲ್ಲಿಯೂ ಸುಮಾರು 10 ಮಿಲಿವೋಲ್ಟಿನಷ್ಟನ್ನೇ ಹೊರಡಿಸಬಲ್ಲದು. ಇನ್ವರ್ಟರಿನೊಳಗೆ ಸೆಕೆಂಡಿಗೆ ಸಾವಿರಾರು ಸಲ ನಡೆಯುವ ಸ್ವಿಚಿಂಗಿನ ಕ್ಷೋಭೆಯು ಡಿ.ಸಿ. ತಂತಿಗಳಿಗೂ ವ್ಯಾಪಿಸಿ, ಮಗ್ಗುಲಲ್ಲಿ ಮೀಟರುಗಟ್ಟಲೆ ಸಮಾನಾಂತರವಾಗಿ ಸಾಗುವ ತಂತಿಯಲ್ಲಿ ಪ್ರೇರಣೆಯಿಂದ ಪ್ರತಿಫಲಿಸುವುದರಿಂದ, ನಗಾರಿಯ ಬಳಿ ಕುಳಿತವನಿಗೆ ತಂಬೂರಿಯ ಶ್ರುತಿ ಕೇಳಿಸದಂತೆ, ನಿಜವಾದ ಅಳತೆಯು ಆ ಗದ್ದಲದಲ್ಲಿ ಲುಪ್ತವಾಗುತ್ತದೆ.

ಅಳತೆ ತಪ್ಪುವುದಕ್ಕಿಂತಲೂ ಗುರುತರವಾದುದು ಪ್ರಾಣಾಪಾಯ. ಅನೇಕ ಸಂಜ್ಞಾತಂತಿಗಳ ಹೊದಿಕೆಯು 300 ವೋಲ್ಟನ್ನು ಮಾತ್ರ ತಾಳತಕ್ಕದ್ದು. ಪೈಪಿನ ಕಾವಿನಲ್ಲಿಯೋ ಎಳೆದಾಟದಲ್ಲಿಯೋ ಅದು ಸವೆದರೆ, ನಿರಪಾಯವೆಂದು ನಂಬಿ ನಾವು ಮುಟ್ಟುವ ಪುಟ್ಟ ಉಪಕರಣಕ್ಕೇ ಫಲಕಗಳ ವೋಲ್ಟೇಜು ಬಂದು ಸೇರಬಹುದು. 50 ಹರ್ಟ್ಜ್ ಎ.ಸಿ. ಪ್ರವಾಹವು ಸೆಕೆಂಡಿಗೆ 100 ಬಾರಿ ಶೂನ್ಯವನ್ನು ಹಾಯುವುದರಿಂದ ಅದರ ಕಿಡಿ ನಂದಲು ಅವಕಾಶವುಂಟು, ಡಿ.ಸಿ. ಕಿಡಿಗೆ ಅಂತಹ ವಿರಾಮವಿಲ್ಲ. ಬಿಸಿಲಿರುವ ತನಕ, ಸ್ವಿಚ್ಚನ್ನು ಆರಿಸಿದರೂ, ಫಲಕದಿಂದ ಸ್ವಿಚ್ಚಿನವರೆಗಿನ ತಂತಿ ಜೀವಂತವಾಗಿಯೇ ಇರುತ್ತದೆ.

ಲೋಹಕವಚವುಳ್ಳ ತಂತಿಯಿದ್ದರೆ ಸಾಲದೇ ಎಂದು ಕೇಳುವವರುಂಟು. ಕವಚವು ಗದ್ದಲವನ್ನು ತಗ್ಗಿಸೀತು, ಹೊದಿಕೆಯ ತಾಳಿಕೆಯನ್ನು ಹೆಚ್ಚಿಸಲಾರದು. ಹೆಚ್ಚು ತಾಳಿಕೆಯ ಹೊದಿಕೆಯು ಅಪಾಯವನ್ನು ಕಡಮೆ ಮಾಡೀತು, ತಾನೊಂದೇ ಗದ್ದಲವನ್ನು ತಡೆಯಲಾರದು. ಆದುದರಿಂದ ಡಿ.ಸಿ.ಯ ಧನ ಋಣ ತಂತಿಗಳೆರಡೂ ಜೊತೆಯಾಗಿ ಒಂದು ಕೊಳವೆಯಲ್ಲಿ ಸಾಗಲಿ. ಹೆಣೆದ, ಕವಚವುಳ್ಳ ಸಂಜ್ಞಾತಂತಿಯು ಸುಮಾರು ಒಂದು ಅಡಿ ದೂರದ ಬೇರೊಂದು ಕೊಳವೆಯಲ್ಲಿ ಹೋಗಲಿ. ಒಂದನ್ನೊಂದು ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಲಿ.

ಇಪ್ಪತ್ತೈದು ವರ್ಷ ಬಾಳಬೇಕಾದ ವ್ಯವಸ್ಥೆಯಲ್ಲಿ ಇನ್ನೊಂದು ಪೈಪಿನ ಬೆಲೆ ಅತ್ಯಲ್ಪ. ಸಹಾಯಧನ ಕೊಡುವವರು ಇದನ್ನು ತಪಾಸಣೆಯ ನಿಯಮವಾಗಿಸಲಿ; ಅಲ್ಲಿಯತನಕ, ಕೆಲಸ ಮುಗಿಯಿತೆಂದು ರುಜು ಹಾಕುವ ಮುನ್ನ, ಎರಡನೆಯ ಕೊಳವೆ ಎಲ್ಲಿದೆಯೆಂದು ಪ್ರತಿಯೊಬ್ಬ ಗೃಹಸ್ಥನೂ ಕೇಳಲಿ.