ರಿಪೋರ್ಟ್ ನಾರ್ಮಲ್, ಕಾಲು ಮಾತ್ರ ಜೋಮು

ಹದಿನೆಂಟರ ಹುಡುಗ. ಬಲಗೈ ಸದ್ದಿಲ್ಲದೆ ಸೊರಗುತ್ತಿದೆ. ನೋವಿಲ್ಲ, ಜ್ವರವಿಲ್ಲ, ಎಲ್ಲೂ ಬಿದ್ದ ನೆನಪಿಲ್ಲ. ಅಂಗಿಯ ಗುಂಡಿ ಹಾಕುವಾಗ ಬೆರಳುಗಳು ಮಾತು ಕೇಳುವುದಿಲ್ಲ, ಹೆಬ್ಬೆರಳ ಬುಡದ ಮಾಂಸ ಇಳಿದುಹೋಗಿದೆ. ಇಂಥವರನ್ನು ಕಂಡಾಗ ವೈದ್ಯರ ಎದೆಯೂ ಒಮ್ಮೆ ಧಸಕ್ಕೆನ್ನುತ್ತದೆ. ಮೈಯ ಸ್ನಾಯುಗಳನ್ನೆಲ್ಲ ಒಂದೊಂದಾಗಿ ಕಸಿದುಕೊಳ್ಳುವ ಮೋಟಾರ್ ನ್ಯೂರಾನ್ ಕಾಯಿಲೆ ಹಲವರಲ್ಲಿ ಶುರುವಾಗುವುದೂ ಹೀಗೆಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಒಂದೇ ಕೈ ಅಥವಾ ಒಂದೇ ಕಾಲು ಸೊರಗಿದ್ದ 23 ಮಂದಿಯನ್ನು ಗಮನಿಸಿ, 1984ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅವರ ವಿವರ ಪ್ರಕಟಿಸಿದರು. ‘ಮಾನೋಮೆಲಿಕ್ ಅಮಯೋಟ್ರೊಫಿ’ ಎಂದು ಹೆಸರಿಟ್ಟರು. ಈ ಕಾಯಿಲೆ ಕೆಲವು ವರ್ಷ ಮುಂದುವರಿದು ಆಮೇಲೆ ತಾನಾಗಿ ನಿಂತುಬಿಡುತ್ತದೆ. ಜೀವಕ್ಕೆ ಅಪಾಯವಿಲ್ಲ. ಜಪಾನಿನ ವೈದ್ಯ ಹಿರಾಯಾಮಾ ಕೈಗೆ ಬರುವ ಇಂಥದ್ದೇ ತೊಂದರೆಯನ್ನು 1959ರಲ್ಲಿ ವಿವರಿಸಿದ್ದರು.

ನಿಲ್ಲುತ್ತದೆ ಎಂದು ಗೊತ್ತಾಗಿದ್ದು ಹೇಗೆ? ಕಾದು ನೋಡಿದ್ದರಿಂದ. ವೈದ್ಯರಿಗೆ ಅದು ಅಧ್ಯಯನದ ಅವಧಿ. ನಾಳೆ ಇನ್ನೊಂದು ಕೈಗೂ ಬಂದೀತೇ ಎಂದು ದಿನಾ ಬೆಳಗ್ಗೆ ಬೆರಳು ಮಡಚಿ ನೋಡಿಕೊಳ್ಳುವ ಹುಡುಗನಿಗೆ ಅದೇ ಅವಧಿ ಬೇರೆಯೇ ಆಗಿರುತ್ತದೆ.

ನರರೋಗ ಚಿಕಿತ್ಸೆಯಲ್ಲಿ ಕಾಲವೂ ಒಂದು ಪರೀಕ್ಷೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅಥವಾ ಎಂಎಸ್ ಎಂಬ ಕಾಯಿಲೆಯ ವ್ಯಾಖ್ಯೆಯಲ್ಲೇ ಅದು ಸೇರಿಹೋಗಿತ್ತು. 2001ರಿಂದ ಬಳಕೆಯಲ್ಲಿರುವ ಮೆಕ್‌ಡೊನಾಲ್ಡ್ ಮಾನದಂಡಗಳ ಪ್ರಕಾರ, ಮಿದುಳು-ಬೆನ್ನುಹುರಿಯ ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಹಾನಿಯಾಗಿರುವುದಕ್ಕೆ ಪುರಾವೆ ಬೇಕಿತ್ತು. ಮುಂದಿನ ಪರಿಷ್ಕರಣೆಗಳು ಕಾಯುವ ಅವಧಿಯನ್ನು ಬಹಳ ತಗ್ಗಿಸಿದವು. ಒಮ್ಮೆ ಕಣ್ಣು ಮಂಜಾಗಿ ಸರಿಹೋದವರಿಗೆ, ಒಮ್ಮೆ ಸೊಂಟದ ಕೆಳಗೆ ಮರಗಟ್ಟಿ ಬಿಟ್ಟವರಿಗೆ ಮುಂದೇನು? ಇಂಥ ಮೊದಲ ಪ್ರಸಂಗದ ರೋಗಿಗಳನ್ನು ಲಂಡನ್ನಿನಲ್ಲಿ ಇಪ್ಪತ್ತು ವರ್ಷ ಹಿಂಬಾಲಿಸಿದಾಗ, ಮೊದಲ ಎಂಆರ್‌ಐನಲ್ಲಿ ಕಲೆಗಳಿದ್ದವರಲ್ಲಿ 82% ಮಂದಿಗೆ, ಇಲ್ಲದವರಲ್ಲಿ 21% ಮಂದಿಗೆ ಎಂಎಸ್ ಖಚಿತವಾಯಿತು. ಸ್ಕ್ಯಾನ್ ಸಾಧ್ಯತೆಯನ್ನು ಹೇಳಿತು, ಭವಿಷ್ಯವನ್ನಲ್ಲ.

ಆದರೆ ಓಪಿಡಿಯಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಬೇರೆ. ‘ರಿಪೋರ್ಟ್ ಎಲ್ಲ ನಾರ್ಮಲ್ ಇದೆ, ಏನೂ ಇಲ್ಲ, ಟೆನ್ಶನ್ ಮಾಡ್ಕೋಬೇಡಿ.’ ಮೀನಖಂಡ ಅದುರುತ್ತಿದೆ, ಅಂಗಾಲು ಜುಮುಗುಡುತ್ತಿದೆ, ನಡೆಯುವಾಗ ಹೊಯ್ದಾಡಿದಂತಾಗುತ್ತದೆ ಎಂದು ಬಂದವರು ಕೈಯಲ್ಲಿ ಸಾವಿರಾರು ರೂಪಾಯಿಯ ಫಿಲ್ಮು, ಒಂದು ಬಿ ಕಾಂಪ್ಲೆಕ್ಸ್ ಚೀಟಿ ಹಿಡಿದು ಹೊರಬರುತ್ತಾರೆ. ಜೋಮು ಹಾಗೆಯೇ ಇರುತ್ತದೆ. ಈಗ ಅದರ ಜತೆ ಅವಮಾನವೂ ಸೇರಿದೆ.

ಸ್ಕಾಟ್ಲೆಂಡಿನ ನರರೋಗ ಕ್ಲಿನಿಕ್‌ಗಳಿಗೆ ಹೊಸದಾಗಿ ಬಂದ 3,781 ರೋಗಿಗಳ ಅಧ್ಯಯನ ಈ ಚರ್ಚೆಗೆ ಗಟ್ಟಿ ನೆಲ ಕೊಡುತ್ತದೆ. ಅವರಲ್ಲಿ 1,144 ಮಂದಿಯ, ಅಂದರೆ ಸುಮಾರು 30% ಜನರ ಲಕ್ಷಣಗಳಿಗೆ ಶರೀರದ ಕಾಯಿಲೆಯಿಂದ ಪೂರ್ತಿ ವಿವರಣೆ ಸಿಗಲಿಲ್ಲ. ಒಂದೂವರೆ ವರ್ಷದ ನಂತರ ಅವರಲ್ಲಿ 1,030 ಮಂದಿಯ ಸ್ಥಿತಿ ವಿಚಾರಿಸಿದಾಗ, ಮೊದಲು ಊಹಿಸದ ಕಾಯಿಲೆ ಹೊರಬಿದ್ದಿದ್ದು ಕೇವಲ ನಾಲ್ವರಲ್ಲಿ. ಅನುಭವಿ ತಜ್ಞರು ಸರಿಯಾಗಿ ಪರೀಕ್ಷಿಸಿ ‘ಭಯಪಡುವಂಥದ್ದಿಲ್ಲ’ ಎಂದರೆ ಆ ಮಾತಿಗೆ ಬೆಲೆಯಿದೆ ಎಂಬುದು ಇದರ ಒಂದು ಮುಖ. ಇನ್ನೊಂದು ಮುಖವನ್ನು ಯಾರೂ ಅಷ್ಟಾಗಿ ಎತ್ತಿ ಆಡುವುದಿಲ್ಲ: ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು ಹೀಗೆ ಬರುತ್ತಾರೆಂದರೆ, ಅವರು ಸಾಲಿನಲ್ಲಿ ತಪ್ಪಿ ನಿಂತವರಲ್ಲ. ಅವರೇ ನರರೋಗ ವಿಭಾಗದ ದಿನನಿತ್ಯದ ಕೆಲಸ.

ಹಾಗೆಂದು ನಾರ್ಮಲ್ ಎಂಬ ಪದಕ್ಕೆ ಕಣ್ಣುಮುಚ್ಚಿ ಅಡ್ಡಬೀಳುವಂತಿಲ್ಲ. 2009ರಲ್ಲಿ ನ್ಯೂಯಾರ್ಕ್ ಪೋಸ್ಟ್‌ನ ಇಪ್ಪತ್ತನಾಲ್ಕರ ವರದಿಗಾರ್ತಿ ಸುಸಾನಾ ಕಹಲನ್‌ಗೆ ಮೊದಲು ಎಡಗೈ ಜೋಮು, ಆಮೇಲೆ ಭ್ರಮೆ, ಸೆಳೆತ. ಎಂಆರ್‌ಐ ಸರಿಯಿತ್ತು. ಕುಡಿತ, ಕೆಲಸದ ಒತ್ತಡ ಎಂದರು ಒಬ್ಬ ವೈದ್ಯರು. ಕೊನೆಗೆ ಡಾ. ಸೊಹೇಲ್ ನಜ್ಜರ್ ಆಕೆಯ ಕೈಗೆ ಕಾಗದ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಆಕೆ ಒಂದರಿಂದ ಹನ್ನೆರಡರವರೆಗಿನ ಅಂಕಿಗಳನ್ನೆಲ್ಲ ವೃತ್ತದ ಬಲ ಅರ್ಧದಲ್ಲೇ ತುರುಕಿದ್ದಳು. ಎಡಭಾಗ ಖಾಲಿ. ಮಿದುಳಿನ ಬಲಗೋಳದಲ್ಲಿ ಉರಿಯೂತವಿದೆ ಎಂಬ ಸುಳಿವು ಆ ಖಾಲಿ ಜಾಗದಲ್ಲಿತ್ತು. ಕಾಯಿಲೆ ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ಜೋಸೆಫ್ ದಲ್ಮಾವು ಮತ್ತು ಸಂಗಡಿಗರು ಅದನ್ನು ವಿವರಿಸಿ ಆಗಿನ್ನೂ ಎರಡೇ ವರ್ಷವಾಗಿತ್ತು. ಆಕೆ ಗುಣಮುಖಳಾಗಿ ಪುಸ್ತಕ ಬರೆದಳು. ಇಲ್ಲಿ ಗೆದ್ದಿದ್ದು ಒಂದು ಕಾಗದ, ಒಂದು ಪೆನ್ನು ಮತ್ತು ರೋಗಿಯ ಮಾತನ್ನು ಮೊದಲಿನಿಂದ ಕೇಳುವ ಪುರುಸೊತ್ತು.

‘ಮನಸ್ಸಿನದು’ ಎಂದಾಗ ರೋಗಿಗಳು ಸಿಡುಕುವುದಕ್ಕೂ ಚರಿತ್ರೆಯ ಬಲವಿದೆ. ಲಂಡನ್ನಿನ ಮನೋವೈದ್ಯ ಎಲಿಯಟ್ ಸ್ಲೇಟರ್, ‘ಹಿಸ್ಟೀರಿಯಾ’ ಎಂದು ಹೆಸರು ಹಚ್ಚಿಸಿಕೊಂಡು ಆಸ್ಪತ್ರೆಯಿಂದ ಹೊರಬಿದ್ದವರನ್ನು ಹುಡುಕಿಸಿ 1965ರಲ್ಲಿ ವರದಿ ಬರೆದರು. ಅವರಲ್ಲಿ ದೊಡ್ಡ ಪಾಲಿನವರಿಗೆ ಮುಂದೆ ಶರೀರದ ಕಾಯಿಲೆಯೇ ಕಾಣಿಸಿಕೊಂಡಿತ್ತು, ಕೆಲವರು ಸತ್ತಿದ್ದರು. ವೈದ್ಯಲೋಕ ಬೆಚ್ಚಿಬಿತ್ತು. ಎಡಿನ್‌ಬರೋದ ನರರೋಗ ತಜ್ಞ ಜಾನ್ ಸ್ಟೋನ್ ಮತ್ತು ಜತೆಗಾರರು 2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಕಲೆಹಾಕಿದಾಗ, ಇಂಥ ತಪ್ಪು 1950ರ ದಶಕದಲ್ಲಿ 29% ಇದ್ದದ್ದು 1970ರ ದಶಕದಿಂದೀಚೆಗೆ ಸುಮಾರು 4%ಗೆ ಇಳಿದಿರುವುದು ಕಂಡಿತು. ಭಯ ಮಾತ್ರ ಅದೇ ಪ್ರಮಾಣದಲ್ಲಿ ಇಳಿದಿಲ್ಲ.

ಇಂದು ಇಂಥ ಹಲವು ತೊಂದರೆಗಳಿಗೆ ಫಂಕ್ಷನಲ್ ನ್ಯೂರಾಲಾಜಿಕಲ್ ಡಿಸಾರ್ಡರ್ ಎಂಬ ಹೆಸರಿದೆ. ನರಮಂಡಲದ ಜೋಡಣೆ ಸರಿಯಿದೆ, ಕೆಲಸ ಮಾತ್ರ ತಪ್ಪುತ್ತಿದೆ. ಅದಕ್ಕೆ ಮನಸ್ಸಿನ ಆಘಾತವೊಂದನ್ನು ಹುಡುಕಿ ತೋರಿಸಲೇಬೇಕೆಂಬ ನಿಯಮವನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಕೈಬಿಟ್ಟಿತು. ಬೇರೆ ಯಾವುದೂ ಸಿಗಲಿಲ್ಲವೆಂದು ಕೊನೆಗೆ ಅಂಟಿಸುವ ಚೀಟಿಯೂ ಅಲ್ಲ ಇದು, ಪರೀಕ್ಷೆಯಲ್ಲಿ ಕಣ್ಣಿಗೆ ಕಾಣುವ ಗುರುತುಗಳಿವೆ. 1908ರಲ್ಲಿ ಚಾರ್ಲ್ಸ್ ಹೂವರ್ ಎಂಬ ಅಮೆರಿಕದ ವೈದ್ಯ ತಿಳಿಸಿದ ಪರೀಕ್ಷೆ ಇವತ್ತಿಗೂ ನಡೆಯುತ್ತದೆ. ರೋಗಿ ಅಂಗಾತ ಮಲಗಿರುತ್ತಾರೆ. ವೈದ್ಯರು ಬಲವಿಲ್ಲದ ಕಾಲಿನ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟು ‘ಒತ್ತಿ’ ಎನ್ನುತ್ತಾರೆ. ಒತ್ತಲಾಗುವುದಿಲ್ಲ. ಈಗ ಆ ಕಾಲನ್ನು ಮರೆತು, ಇನ್ನೊಂದು ಕಾಲನ್ನು ಮೇಲೆತ್ತಲು ಹೇಳಿ ಅದನ್ನು ತಡೆಹಿಡಿಯುತ್ತಾರೆ. ಅಂಗೈ ಮೇಲಿನ ಹಿಮ್ಮಡಿ ತಾನಾಗಿ ಬಲವಾಗಿ ಒತ್ತುತ್ತದೆ! ಹಳೆಯ ಕಾಲದಲ್ಲಿ ಇದು ರೋಗಿಯನ್ನು ಕಳ್ಳನಂತೆ ಹಿಡಿಯುವ ಉಪಾಯವಾಗಿತ್ತು. ಸ್ಟೋನ್ ಮತ್ತಿತರರು ಇದನ್ನೇ ರೋಗಿಗೆ ತೋರಿಸಿ, ‘ನೋಡಿ, ದಾರಿ ತುಂಡಾಗಿಲ್ಲ, ಸಂದೇಶ ತಲುಪುತ್ತಿದೆ’ ಎಂದು ವಿವರಿಸುವ ಪರಿಪಾಠ ಬೆಳೆಸಿದ್ದಾರೆ. ‘ಏನೂ ಇಲ್ಲ’ ಎಂಬುದಕ್ಕೂ ಈ ಮಾತಿಗೂ ಅಜಗಜಾಂತರ. ಮೊದಲನೆಯದು ಬಾಗಿಲು ಮುಚ್ಚುತ್ತದೆ, ಎರಡನೆಯದರಿಂದ ಫಿಸಿಯೊಥೆರಪಿ ಶುರುವಾಗುತ್ತದೆ.

ಇನ್ನು ರಾತ್ರಿಯ ಹುಡುಕಾಟ. ಸ್ನಾಯು ಅದುರುವುದನ್ನು ಮೊಬೈಲಿನಲ್ಲಿ ಹುಡುಕಿದವರು ನಾಲ್ಕು ಪುಟ ದಾಟುವಷ್ಟರಲ್ಲಿ ಸ್ಟೀಫನ್ ಹಾಕಿಂಗ್‌ರ ಗಾಲಿಕುರ್ಚಿಯ ಬಳಿ ಬಂದು ನಿಂತಿರುತ್ತಾರೆ. ಮೇಯೋ ಕ್ಲಿನಿಕ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ದೋಷವಿಲ್ಲದೆ ಬರೀ ಸ್ನಾಯು ಅದುರುತ್ತಿದ್ದ 121 ಮಂದಿಯನ್ನು, ಕೆಲವರನ್ನಂತೂ ಮೂವತ್ತೆರಡು ವರ್ಷಗಳವರೆಗೆ, ಹಿಂಬಾಲಿಸಲಾಗಿತ್ತು. ಒಬ್ಬರಿಗೂ ಮೋಟಾರ್ ನ್ಯೂರಾನ್ ಕಾಯಿಲೆ ಬರಲಿಲ್ಲ. ಅವರಲ್ಲಿ ಆಸ್ಪತ್ರೆಯ ಸಿಬ್ಬಂದಿಯೇ ಗಣನೀಯವಾಗಿದ್ದರು ಎಂಬುದು ಸ್ವಾರಸ್ಯ. ಹೆಚ್ಚು ತಿಳಿದವರು ಹೆಚ್ಚು ಹೆದರಿದ್ದರು. ಮೈಕ್ರೋಸಾಫ್ಟ್‌ನ ರಯನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್ 2008ರಲ್ಲಿ ತೋರಿಸಿಕೊಟ್ಟಂತೆ, ತಲೆನೋವಿನ ಬಗ್ಗೆ ಅಂತರ್ಜಾಲ ಹುಡುಕಿದರೆ ಕಾಫಿ ಬಿಟ್ಟಿದ್ದರಿಂದ ಬರುವ ತಲೆನೋವೂ ಮಿದುಳಿನ ಗಡ್ಡೆಯೂ ಹೆಚ್ಚುಕಡಿಮೆ ಸಮಸಮವಾಗಿ ಎದುರಾಗುತ್ತಿದ್ದವು. ಬೆಳಗಿನ ಫಿಲ್ಟರ್ ಕಾಫಿ ತಪ್ಪಿದರೆ ಮಧ್ಯಾಹ್ನಕ್ಕೆ ಹಣೆ ಸಿಡಿಯುವ ನಾಡಿನಲ್ಲಿ ಎರಡರಲ್ಲಿ ಯಾವುದು ಸಾಮಾನ್ಯವೆಂದು ಬಿಡಿಸಿ ಹೇಳಬೇಕಿಲ್ಲ.

ಆತಂಕವೇ ಲಕ್ಷಣ ಹುಟ್ಟಿಸುವುದೂ ಉಂಟು. ಗಾಬರಿಯಲ್ಲಿ ಉಸಿರಾಟ ಚುರುಕಾದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ನರಗಳು ಸುಮ್ಮಸುಮ್ಮನೆ ಮಿಡಿಯತೊಡಗುತ್ತವೆ, ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. ಅದನ್ನು ಕಂಡು ಗಾಬರಿ ಇನ್ನಷ್ಟು. ಇದನ್ನು ‘ಕಲ್ಪನೆ’ ಎನ್ನುವುದು ಶುದ್ಧ ತಪ್ಪು, ಜುಮುಗುಡುವುದು ನಿಜವಾದ ನರವೇ. ಗಂಟೆಗೊಮ್ಮೆ ಮುಷ್ಟಿ ಬಿಗಿದು, ಹಿಮ್ಮಡಿಯ ಮೇಲೆ ನಡೆದು ಬಲ ಪರೀಕ್ಷಿಸಿಕೊಳ್ಳುವವರ ಸ್ನಾಯು ಸಂಜೆಗೆ ದಣಿಯುವುದೂ ನಿಜವೇ. ಇಂಥವರಿಗೆ ಆತಂಕದ ಚಿಕಿತ್ಸೆ ಕೊಡಬೇಕು. ಅದು ಪರೀಕ್ಷೆ ಮುಗಿದ ಮೇಲಿನ ಸಾಗಹಾಕುವಿಕೆ ಆಗದೆ, ಪರೀಕ್ಷೆಯ ಜತೆಜತೆಗೇ ನಡೆಯಬೇಕು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆಯ ಹೆಸರು ಸಿಗುವವರೆಗೆ ಕಾಯಬೇಕಾದ ಅಗತ್ಯವೇ ಇಲ್ಲ.

ಅಪರೂಪದ ಕಾಯಿಲೆಗಳ ಭಯದಲ್ಲಿ ಹತ್ತಿರದ ಕಾರಣಗಳು ಕಣ್ತಪ್ಪುವುದೇ ಹೆಚ್ಚು. ಅಂಗಾಲು ಉರಿ, ಜೋಮು, ತೂಗಾಟಕ್ಕೆ ವಿಟಮಿನ್ ಬಿ12 ಕೊರತೆ ಕಾರಣವಾಗಬಲ್ಲದು. ಹಾಲು, ಮೊಟ್ಟೆ, ಮಾಂಸದಿಂದ ಸಿಗುವ ಪೋಷಕ ಅದು. ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಬೆಳಗ್ಗೆ ಎದ್ದ ಕೂಡಲೇ ಗ್ಯಾಸ್ ಮಾತ್ರೆ ನುಂಗುವವರಲ್ಲಿ ಅದು ಇನ್ನಷ್ಟು ಕುಸಿಯುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ಸಂಗತಿ. ತಡಮಾಡಿದರೆ ಬೆನ್ನುಹುರಿಯ ಹಾನಿ ಪೂರ್ತಿ ವಾಪಸಾಗದೆ ಉಳಿಯಬಹುದು. ಎಂಎಸ್ ನಮ್ಮಲ್ಲಿ ಇಲ್ಲವೆಂದಲ್ಲ. ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ನಡೆಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು ಎಂಟು ಮಂದಿಯಲ್ಲಿ ಅದು ಕಂಡಿತ್ತು. ಲಕ್ಷದಲ್ಲಿ ಜೋಮು ಹಿಡಿದವರು ಎಷ್ಟು ಎಂದು ಕೇಳಿಕೊಂಡರೆ ಲೆಕ್ಕ ಅರ್ಥವಾಗುತ್ತದೆ.

ರಿಪೋರ್ಟಿಗಿಂತ ರೋಗಿಯ ಮಾತೇ ಉತ್ತರ ಕೊಡುವುದಕ್ಕೆ ಹಳೇ ಮೈಸೂರು ಸೀಮೆಯವರು ಬಲ್ಲ ಉದಾಹರಣೆ ಬಿಸಿನೀರಿನ ಮೂರ್ಛೆ. ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ಒಂದೇ ಸಮ ತಲೆಗೆ ಸುರಿದುಕೊಳ್ಳುವಾಗ ಪ್ರಜ್ಞೆ ಮಂಕಾಗುತ್ತದೆ, ಸೆಳೆತ ಬರುತ್ತದೆ. ಡಾ. ಕೆ.ಎಸ್. ಮಣಿ, ಮುಂದೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮೊದಲಾದವರು ಅದನ್ನು ವಿಶ್ವಕ್ಕೆ ಪರಿಚಯಿಸಿದರು. ಬಹಳಷ್ಟು ಮಂದಿಯಲ್ಲಿ ಸೆಳೆತವಿಲ್ಲದ ಹೊತ್ತಿನ ಇಇಜಿ ಸರಿಯಾಗಿಯೇ ಇರುತ್ತದೆ. ‘ಬಚ್ಚಲಿಗೆ ಹೋದಾಗ ಏನಾಯಿತು?’ ಎಂದು ಕೇಳದ ಹೊರತು ಉತ್ತರ ಹೊರಬರುವುದಿಲ್ಲ. ಕೇಳಿದರೆ, ಅನೇಕರಿಗೆ ನೀರಿನ ಬಿಸಿ ಇಳಿಸುವುದು, ಸ್ನಾನಕ್ಕೆ ಮುಂಚೆ ಒಂದು ಮಾತ್ರೆ, ಅಷ್ಟರಲ್ಲೇ ಕೆಲಸ ಆಗುತ್ತದೆ.

ಮತ್ತೊಂದು ಸ್ಕ್ಯಾನ್ ಮಾಡಿಸಿದರೆ ನೆಮ್ಮದಿ ಸಿಕ್ಕೀತೇ? ಅನೇಕ ವೇಳೆ ಹೊಸ ಚಿಂತೆಯೇ ಸಿಗುತ್ತದೆ. ಬೆನ್ನುನೋವಿಲ್ಲದ, ಆರೋಗ್ಯವಂತ ಇಪ್ಪತ್ತರ ಹರೆಯದವರಲ್ಲೂ ಸುಮಾರು 30% ಮಂದಿಗೆ ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ; ಎಂಬತ್ತರಲ್ಲಿ 84%. ರಾಟರ್‌ಡ್ಯಾಮ್‌ನಲ್ಲಿ ಎರಡು ಸಾವಿರ ಜನರ ಮಿದುಳು ಸ್ಕ್ಯಾನ್ ಮಾಡಿದಾಗ 7.2% ಮಂದಿಯಲ್ಲಿ, ಅವರಿಗೇ ಗೊತ್ತಿಲ್ಲದೆ, ರಕ್ತಪೂರೈಕೆ ನಿಂತ ಹಳೆಯ ಕಲೆಗಳಿದ್ದವು. ರಿಪೋರ್ಟಿನ ಒಂದೊಂದು ಇಂಗ್ಲಿಷ್ ಸಾಲನ್ನೂ ಮನೆಮಂದಿ ಕೂತು ಹುಡುಕಿದರೆ ಹತ್ತು ಹೊಸ ಕಾಯಿಲೆ ಹುಟ್ಟುತ್ತವೆ.

ಕಾಯಬಾರದ ಲಕ್ಷಣಗಳೂ ಇವೆ. ಹಠಾತ್ತನೆ ಬಾಯಿ ವಾರೆಯಾಗುವುದು, ಒಂದು ಕೈ-ಕಾಲು ಬೀಳುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಸೂಚನೆ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ಪಾದದಿಂದ ಶುರುವಾದ ನಿಶ್ಶಕ್ತಿ ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ ಗಿಯಾನ್ ಬಾರೆ ಸಿಂಡ್ರೋಮ್ ಇರಬಹುದು. 2025ರ ಆರಂಭದಲ್ಲಿ ಪುಣೆಯಲ್ಲಿ 200ಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾಗಿದ್ದವು. ಮೂತ್ರದ ಹಿಡಿತ ತಪ್ಪಿ ತೊಡೆಸಂದು ಮರಗಟ್ಟಿದರೂ ಅಂದೇ ಆಸ್ಪತ್ರೆಗೆ ಓಡಬೇಕು. ಈ ಪಟ್ಟಿ ಚಿಕ್ಕದು. ಕಾಯುವಂತೆ ಹೇಳುವ ವೈದ್ಯರು ಇದನ್ನು ಬರೆದುಕೊಟ್ಟರೆ, ರೋಗಿಗೆ ಉಳಿದ ದಿನಗಳಲ್ಲಿ ಮೈಯ ಪ್ರತಿ ಮಿಡಿತಕ್ಕೂ ಕಾವಲು ಕೂರುವ ಕೆಲಸ ತಪ್ಪುತ್ತದೆ.

ಈ ಪರೀಕ್ಷೆ, ಮರುಭೇಟಿಗಳೆಲ್ಲ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಒಂದರ ಮೇಲೆಯೇ ಬಿದ್ದರೆ ಸಾಗುವುದಿಲ್ಲ. ಬೀದರ್‌ನಿಂದ ರಾತ್ರಿ ಬಸ್ಸು ಹತ್ತಿ ಬಂದವರಿಗೆ ‘ಮೂರು ತಿಂಗಳು ಬಿಟ್ಟು ಬನ್ನಿ’ ಎಂಬುದು ಸಲಹೆಗಿಂತ ಶಿಕ್ಷೆಯಂತೆ ಕೇಳುತ್ತದೆ. ಅವರು ಬರುವುದಿಲ್ಲ, ಊರಲ್ಲಿ ಇನ್ನೊಬ್ಬರ ಬಳಿ ಮೊದಲಿನಿಂದ ಪರೀಕ್ಷೆ ಶುರುಮಾಡಿಸುತ್ತಾರೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆಗೂಡಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಜಿಲ್ಲಾ ಮಟ್ಟಕ್ಕೆ ನರರೋಗ ಸೇವೆ ಒಯ್ಯುವ ಯೋಜನೆ. ಪಾರ್ಶ್ವವಾಯು, ಮೂರ್ಛೆ, ತಲೆನೋವು, ಮರೆವಿನ ಕಾಯಿಲೆ ಅದರ ಮುಖ್ಯ ಗುರಿ, ಅದು ಸರಿಯೂ ಹೌದು. ಆದರೆ ಹೆಸರು ಸಿಗದವರ ಮರುಭೇಟಿಗೆ ಅತಿ ಸೂಕ್ತ ಜಾಗವೂ ಇದೇ. ಬೆಂಗಳೂರಿನಲ್ಲಿ ಒಮ್ಮೆ ಪೂರ್ತಿ ಪರೀಕ್ಷೆ ಆದಮೇಲೆ, ಮೂರನೇ ತಿಂಗಳ ಭೇಟಿ ಜಿಲ್ಲಾ ಆಸ್ಪತ್ರೆಯಲ್ಲೇ, ಅದೇ ಫೈಲಿನೊಂದಿಗೆ ನಡೆಯಬಹುದು. ಹಿಂದಿನ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ ಎಂದು ನೋಡಲು ಸುತ್ತಿಗೆ, ಟ್ಯೂನಿಂಗ್ ಫೋರ್ಕ್, ಟಾರ್ಚು ಸಾಕು. ಬೇಕಿರುವುದು ತರಬೇತಾದ ವೈದ್ಯರು, ಒಬ್ಬೊಬ್ಬ ರೋಗಿಗೆ ಇಪ್ಪತ್ತು ನಿಮಿಷ, ಮತ್ತು ಚೀಟಿಯ ಕೊನೆಯಲ್ಲಿ ಬರೆದ ಮುಂದಿನ ಭೇಟಿಯ ತಾರೀಖು.